ಮೊದಲ ಹಕ್ಕಿ ಯಾರ ಕೈಗೆ

ಬೀಗದಂಗಡಿಯ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಬೀದಿಯವರ ಮಾತು. ಅದು ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ತೋಳಿನಿಂದ ಒರೆಸಿಕೊಂಡು ಸುಮ್ಮನಾಗಬಹುದಿತ್ತು. ಅಕ್ಕನ ಕೋಪ ಇದ್ದದ್ದು ಹೊಟ್ಟೆಯೊಳಗೆ. ಅದು ಅಲ್ಲಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಚಪ್ಪಲಿ ಮೆಟ್ಟಿಕೊಂಡು ಜಾಗ ಖಾಲಿ ಮಾಡಿರಬೇಕು, ಇಲ್ಲದಿದ್ದರೆ ಅವರ ಹಣೆಬರಹ. ಕೆಟ್ಟ ಬೀಗ ಹಿಡಿದು ಬಂದ ಗಿರಾಕಿ, ‘ನಾನೇ ಸ್ವಲ್ಪ ಎಣ್ಣೆ ಬಿಟ್ಟು ನೋಡಿದೆ’ ಎಂದು ಬಾಯಿಬಿಟ್ಟರೆ ಮುಗಿಯಿತು.

“ಯಾವ ಎಣ್ಣೆ? ಅಡುಗೆ ಎಣ್ಣೆನಾ? ಬೀಗಾನ ಹುರ್ಕೊಂಡು ತಿನ್ನೋಣ ಅಂತಿದ್ರಾ?”

ಬೆನ್ನ ಹಿಂದೆ ಬೀದಿಯವರು ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಸರವಿರಲಿಲ್ಲ. ಬೆಪ್ಪುತನಕ್ಕೆ ಬೈಯದೆ ಬಿಟ್ಟರೆ ಅದು ಹಬ್ಬುತ್ತದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಈ ಭೂಮಿಯ ಮೇಲೆ ಅವಳು ಒಂದೇ ಒಂದು ಸಲವೂ ದನಿಯೇರಿಸಿ ಮಾತಾಡಿಸದ ಜೀವ ಎಂದರೆ ಮಸಿ. ಮಸಿ ಒಂದು ನಾಯಿಮರಿ, ಕಪ್ಪು ಹೆಣ್ಣು, ಎದೆಯ ಮೇಲೆ ಮಾತ್ರ ಉಗುರಿನಷ್ಟು ಬಿಳಿ.

ಮಸಿ ಎಲ್ಲಿಂದ ಬಂತು ಎನ್ನುವುದನ್ನು ಹೇಳಬೇಕಾದರೆ ಅಪ್ಪನಿಂದ ಶುರು ಮಾಡಬೇಕು. ಅಪ್ಪನೂ ಬೀಗದವನೇ. ಆದರೆ ಚಳಿಗಾಲ ಕಾಲಿಟ್ಟು ಕೆರೆಗೆ ಕಾಡುಬಾತುಗಳು ಇಳಿದವೆಂದರೆ ಅಂಗಡಿಗೆ ಬೆಳಗಿನ ಹೊತ್ತು ಬಾಗಿಲು ಹಾಕಿ, ನಾಯಿಯನ್ನು ಕರೆದುಕೊಂಡು ಬೇಟೆಯವರ ಜೊತೆ ಹೋಗುತ್ತಿದ್ದ. ಅವರು ಹೊಡೆದ ಹಕ್ಕಿ ನೀರಿಗೆ ಬಿದ್ದರೆ ಈಜಿಹೋಗಿ, ಗರಿ ಮುರಿಯದ ಹಾಗೆ ಬಾಯಲ್ಲಿ ಹಿಡಿದು ತಂದುಕೊಡುವುದು ಅಪ್ಪನ ನಾಯಿಯ ಕೆಲಸ. ಜೊಂಡಿನ ಪಕ್ಕದಲ್ಲಿ ಅಪ್ಪನಿಗೆಂದೇ ಒಂದು ಜಾಗವಿತ್ತು. ಅಲ್ಲಿ ಬೇರೆಯವರು ನಿಲ್ಲುತ್ತಿರಲಿಲ್ಲ.

ಆ ಕೆರೆಯ ಬೇಟೆಯವರಲ್ಲಿ ಒಂದು ಕಟ್ಟಳೆ ಇತ್ತು. ನಾಯಿಯನ್ನು ಯಾರೇ ಕೊಂಡಿರಲಿ, ಯಾರೇ ಸಾಕಿರಲಿ, ಅದು ತನ್ನ ಮೊದಲ ಬೇಟೆಯ ಮೊದಲ ಹಕ್ಕಿಯನ್ನು ಯಾರ ಕೈಗೆ ಕೊಡುತ್ತದೋ ನಾಯಿ ಅವರದು. ಅದರ ಜೊತೆ ಕೆರೆಯಲ್ಲಿ ನಿಲ್ಲುವವರೂ ಅವರೇ. ಇದರ ಮೇಲೆ ವಾದವಿಲ್ಲ, ಜಗಳವಿಲ್ಲ. ಮಸಿಯ ಅಜ್ಜಿ ಅಪ್ಪನಿಗೆ ಸಿಕ್ಕಿದ್ದೇ ಹಾಗೆ. ಅದು ಒಬ್ಬ ಕಂಟ್ರಾಕ್ಟರನ ನಾಯಿ. ಆ ಮನುಷ್ಯ ಸೊಂಟದ ಬೆಲ್ಟು ಬಿಚ್ಚಿ ನಾಯಿಗೆ ಪಾಠ ಹೇಳಿಕೊಡುವವನು. ಅದರ ಮೊದಲ ಬೇಟೆಯ ದಿನ ಅಪ್ಪ ಅಲ್ಲಿ ಹಕ್ಕಿಗಳ ಚೀಲ ಹೊರಲು ಹೋಗಿದ್ದ ಅಷ್ಟೇ. ನಾಯಿ ನೀರಿನಿಂದ ಮೇಲೆ ಬಂತು, ಕೈಚಾಚಿ ನಿಂತಿದ್ದ ಯಜಮಾನನನ್ನು ಒಂದು ಸಲ ನೋಡಿತು, ಸುತ್ತು ಹಾಕಿ ಬಂದು ಹಕ್ಕಿಯನ್ನು ಅಪ್ಪನ ಕೈಯಲ್ಲಿಟ್ಟಿತು. ಇದನ್ನು ಅಕ್ಕ ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಕೀಲಿ ಮಾಡಿಸಲು ಬಂದು ಕಾಯುತ್ತಾ ಕೂತವರಿಗೆಲ್ಲ ಈ ಕಥೆಯನ್ನು ಹೇಳಿದ್ದೇ ಹೇಳಿದ್ದು. ಕಂಟ್ರಾಕ್ಟರ್ ಚಾಚಿದ ಕೈಯನ್ನು ಹೇಗೆ ಮೆಲ್ಲಗೆ ಜೇಬಿಗೆ ಇಳಿಸಿಕೊಂಡ ಎಂದು ಅಭಿನಯಿಸಿ ತೋರಿಸುವಾಗ ಅವಳ ಮುಖ ನೋಡಬೇಕು, ಹಾಲು ಕುಡಿದಷ್ಟು ಸಂತೋಷ.

“ನಾಯಿಗೆ ಎಲ್ಲಾ ಗೊತ್ತಾಗುತ್ತೆ” ಎಂದು ಕಥೆ ಮುಗಿಸಿ ಕೀಲಿಯನ್ನು ಗಿರಾಕಿಯ ಕೈಗೆ ಕೊಡುತ್ತಿದ್ದಳು.

ಸಾಯುವ ಮೊದಲು ಅಪ್ಪ, ಕೋವಿ ಮಗನಿಗೆ, ನಾಯಿ ಮಗಳಿಗೆ ಎಂದು ಹೇಳಿದ. ಕೋವಿ ಕಬ್ಬಿಣದ್ದು, ಗೋಡೆಗೆ ಒರಗಿಸಿದರೆ ಇರುತ್ತದೆ. ನಾಯಿ ಹಾಗಲ್ಲ. ಮಸಿಯ ತಾಯಿ ಮರಿ ಹಾಕುವಾಗ ಸತ್ತಿತು, ಮರಿಗಳಲ್ಲೂ ಉಳಿದದ್ದು ಒಂದೇ. ಆ ಒಂದನ್ನು ಅಕ್ಕ ಅಂಗಿಯೊಳಗೆ ಇಟ್ಟುಕೊಂಡು, ಬಟ್ಟೆಯ ಚೂರನ್ನು ಹಾಲಿಗೆ ಅದ್ದಿ ಚೀಪಿಸಿ ಬದುಕಿಸಿದಳು. ಅಪ್ಪನ ನಾಯಿಗಳ ವಂಶ ಅಂತ ಇನ್ನು ಉಳಿದದ್ದು ಆ ಅಂಗೈ ಅಗಲದ ಕಪ್ಪು ಮುದ್ದೆಯೊಂದೇ. ಬೇಟೆಯವರ ಮುಖಂಡ, ಎಲ್ಲರೂ ಮೀಸೆ ಎಂದು ಕರೆಯುವ ದೊಡ್ಡ ಮೀಸೆಯ ಮನುಷ್ಯ, ಅಂಗಡಿಗೇ ಬಂದು ಹೇಳಿ ಹೋದ.

“ಮುಂದಿನ ಚಳಿಗಾಲಕ್ಕೆ ಮರಿ ತಯಾರಾದ್ರೆ ನಿಮ್ಮಪ್ಪನ ಜಾಗ ನಿಂದು. ಆಗ್ಲಿಲ್ಲ ಅಂದ್ರೆ ಆಚೆ ಊರಿನವನ್ನ ಕರೀತೀನಿ, ಅವನ ಹತ್ರ ನಾಯಿ ಇದೆ. ಬೇಜಾರ್ ಮಾಡ್ಕೋಬೇಡ.”

“ತಯಾರಾಗುತ್ತೆ” ಎಂದಳು ಅಕ್ಕ. “ಬೇಜಾರು ಆ ಊರಿನವನಿಗೇ ಆಗ್ಲಿ.”

ಅವಳು ಕಲಿಸಿದ ರೀತಿಯಲ್ಲಿ ಯಾರೂ ಬೆರಳು ತೋರಿಸಲು ಸಾಧ್ಯವಿರಲಿಲ್ಲ. ಮಸಿಯ ಹಾಸಿಗೆ ಕೀಲಿ ಕೊರೆಯುವ ಯಂತ್ರದ ಕೆಳಗೆ. ಯಂತ್ರ ಕಿರ್ರೆಂದು ಕಿರುಚುತ್ತಿದ್ದರೆ ಮರಿ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು. ಹಿತ್ತಾಳೆಯ ಪುಡಿ ಉದುರಿ ಅದರ ಕಪ್ಪು ಮೈಯೆಲ್ಲಾ ಹೊಳೆಯುತ್ತಿತ್ತು. ಮೊದಲು ಸುತ್ತಿದ ಕಾಲುಚೀಲ ಹೊತ್ತು ತರಲು ಕಲಿಸಿದಳು, ಆಮೇಲೆ ಕೀಲಿಗೊಂಚಲು. ನಾಯಿಗೆ ಬಾಯಲ್ಲಿ ಲೋಹ ಹಿಡಿಯುವುದೆಂದರೆ ಆಗದು, ಹಲ್ಲು ಊರಿದರೆ ಜುಮ್ಮೆನ್ನುತ್ತದೆ. ಆದ್ದರಿಂದ ಹಲ್ಲು ಊರದೆ ತುಟಿಯಲ್ಲಿ ಹಿಡಿಯಲು ತಾನಾಗಿಯೇ ಕಲಿಯುತ್ತದೆ. ಇದು ಅಪ್ಪನ ಉಪಾಯ. ಕೊನೆಗೆ ಮೊಟ್ಟೆ. ಮಸಿ ಅಡುಗೆಮನೆಯಿಂದ ಅಂಗಡಿಯವರೆಗೆ ಹಸಿ ಮೊಟ್ಟೆ ಹೊತ್ತು ತಂದು, ಒಡೆಯದೆ, ಅಕ್ಕನ ಕೈಗೆ ಇಟ್ಟ ದಿನ ಅಕ್ಕ ಅಂದು ಬಂದ ಗಿರಾಕಿಗಳಲ್ಲಿ ಯಾರಿಗೂ ಬೈಯಲಿಲ್ಲ. ಅವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ಹೋದರು.

ಕರೆಯಲು ಅಪ್ಪನ ಸೀಟಿಯೇ ಇತ್ತು. ಸೀಟಿ ಎಂದರೆ ಹಳೆಯ ಕಾಲದ ಒಂದು ಕೀಲಿ, ಅದರ ದಂಟು ಟೊಳ್ಳು. ತುಟಿಗೆ ಅಡ್ಡ ಹಿಡಿದು ಊದಿದರೆ ಸಣ್ಣಗೆ ಕೂಗುತ್ತದೆ. ಅದನ್ನು ದಾರಕ್ಕೆ ಕಟ್ಟಿ ಅಕ್ಕ ಕೊರಳಿಗೆ ಹಾಕಿಕೊಂಡಿದ್ದಳು.

ಕೋವಿಯ ಸದ್ದಿಗೆ ಒಗ್ಗಿಸುವುದಕ್ಕೂ ಒಂದು ಕ್ರಮವಿದೆ. ಮರಿ ತಿನ್ನುತ್ತಿರುವಾಗ ದೂರದಲ್ಲಿ ತಗಡಿನ ಮುಚ್ಚಳ ಬಡಿಯಬೇಕು. ಬಾಲ ಅಲ್ಲಾಡುತ್ತಲೇ ಇದ್ದರೆ ನಾಳೆ ಒಂದು ಹೆಜ್ಜೆ ಹತ್ತಿರ. ನಿಂತರೆ ಹಿಂದಕ್ಕೆ ಹೋಗಬೇಕು. ಸದ್ದು ಎಂದರೆ ಊಟ, ಸದ್ದು ಎಂದರೆ ಸಂತೋಷ ಎಂದು ಅದರ ತಲೆಯಲ್ಲಿ ಕೂರಬೇಕು. ಇಷ್ಟನ್ನು ಅಕ್ಕ ಕೂದಲೆಳೆ ತಪ್ಪದಂತೆ ಮಾಡುತ್ತಿದ್ದಳು.

ಮನೆಯಲ್ಲಿ ತಮ್ಮ ಅಂತ ಒಬ್ಬನಿದ್ದ. ಬೇಕರಿಯ ವ್ಯಾನು ಓಡಿಸುವವನು. ಅವನಿಗೆ ಕೋಪವೇ ಇರಲಿಲ್ಲ, ಅಕ್ಕನ ಕಣ್ಣಿನಲ್ಲಿ ಅದೇ ಅವನ ದೊಡ್ಡ ರೋಗ. ಏನು ಬೈದರೂ, ಎಷ್ಟು ಬೈದರೂ, “ಆಯ್ತಕ್ಕ” ಎನ್ನುತ್ತಿದ್ದ. ಆ ‘ಆಯ್ತಕ್ಕ’ ಕೇಳಿದರೆ ಅವಳಿಗೆ ಮೈಯೆಲ್ಲಾ ಉರಿಯುತ್ತಿತ್ತು. ಬೈದದ್ದು ತಲುಪಿತೋ ಇಲ್ಲವೋ ಎಂದೇ ಗೊತ್ತಾಗುತ್ತಿರಲಿಲ್ಲ, ದಿಂಬಿಗೆ ಗುದ್ದಿದ ಹಾಗೆ. ಸಂಜೆ ಅವನು ಮೆಟ್ಟಿಲ ಮೇಲೆ ಕೂತು, ಮಿಕ್ಕ ಬನ್ನಿನ ಚೂರು ಮುರಿದು ಮಸಿಗೆ ತಿನ್ನಿಸುತ್ತಾ, ಅವತ್ತು ಎಲ್ಲೆಲ್ಲಿ ಸಿಗ್ನಲ್ಲು ಕೆಟ್ಟಿತ್ತು ಎಂಬುದನ್ನೆಲ್ಲ ಅದಕ್ಕೆ ಹೇಳುತ್ತಿದ್ದ.

“ತಲೆ ಮೇಲೆ ಕೂರಿಸ್ಕೋಬೇಡ ಅದನ್ನ. ಕೆಲಸದ ನಾಯಿ ಅದು.”

“ಆಯ್ತಕ್ಕ.”

ಒಂದು ಬೆಳಿಗ್ಗೆ ಮಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಜಿ ನೆಕ್ಕುತ್ತಿತ್ತು. ಅಕ್ಕ ಗೋಡೆಯ ಆ ಕೊನೆಯಲ್ಲಿ ಮುಚ್ಚಳ ಹಿಡಿದು ನಿಂತಿದ್ದಳು. ಬಾಲ ಅಲ್ಲಾಡುತ್ತಿತ್ತು. ಆಗ ಹಿತ್ತಲಲ್ಲಿ ಢಂ ಎಂದಿತು, ಗಾಜಿನ ಕಪಾಟಿನಲ್ಲಿದ್ದ ಬೀಗಗಳೆಲ್ಲ ಗಲಗಲ ಅಂದವು. ತಮ್ಮ ಮಳೆಗಾಲದಲ್ಲಿ ಒದ್ದೆಯಾಗಿದ್ದ ತೋಟಾಗಳನ್ನು ಬಿಸಿಲಿಗೆ ಒಣಗಿಸಿ, ಹೊತ್ತಿಕೊಳ್ಳುತ್ತವೋ ಇಲ್ಲವೋ ನೋಡಲು ಮರಳಿನ ಗುಡ್ಡೆಗೆ ಒಂದು ಹೊಡೆದಿದ್ದ.

ಮಸಿ ತಟ್ಟೆಯಿಂದ ಮುಖ ಎತ್ತಿತು. ಮೂಗಿನ ತುಂಬ ಗಂಜಿ. ಅಷ್ಟು ಕಂಡದ್ದು ಅಕ್ಕನಿಗೆ ನೆನಪಿದೆ. ಉಳಿದದ್ದು ನೆನಪಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವಳು ಹಿಂಬಾಗಿಲಲ್ಲಿದ್ದಳು.

“ಕೈಗೆ ಕೊಳ್ಳಿ ಬಿದ್ದೋನೇ! ತಲೆಯಲ್ಲಿ ಏನಿದೆ, ಹಿಟ್ಟಾ? ಇಷ್ಟು ದಿನ ನಾನು ಪ್ರಾಣ ಬಿಟ್ಟು ಕಟ್ಟಿದ್ದನ್ನ ಒಂದು ತೋಟಾದಲ್ಲಿ ಗಾಳಿಗೆ ತೂರಿದ್ಯಲ್ಲೋ! ಅಪ್ಪ ನಿನ್ನ ಕೈಗೆ ಕೋವಿ ಕೊಡೋ ಬದಲು ಗಿಲಕಿ ಕೊಡ್ಬೇಕಿತ್ತು!”

ಅವಳು ಅವನ ಹುಟ್ಟಿನಿಂದ ಹಿಡಿದು ಅಂದಿನವರೆಗಿನ ತಪ್ಪುಗಳನ್ನೆಲ್ಲ ಸಾಲಾಗಿ ಎತ್ತಿ ಜನ್ಮ ಜಾಲಾಡಿದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ತಮ್ಮ ಕೋವಿ ಕೆಳಗಿಟ್ಟು, ಅದು ತನ್ನದಲ್ಲ ಎಂಬಂತೆ ತಲೆ ತಗ್ಗಿಸಿ ನಿಂತು, ಕೊನೆಗೆ “ಆಯ್ತಕ್ಕ” ಎಂದ. ಅದಕ್ಕೆ ಮತ್ತೊಂದು ಸುತ್ತು ಆಯಿತು.

ವಾಪಸು ಒಳಗೆ ಬಂದಾಗ ಮಸಿ ತಟ್ಟೆಯ ಹತ್ತಿರ ಇರಲಿಲ್ಲ. ಯಂತ್ರದ ಹಿಂದೆ, ಗೋಡೆಗೂ ಕಬ್ಬಿಣದ ಕಾಲಿಗೂ ನಡುವೆ ಮೈ ತುರುಕಿಕೊಂಡು ನಡುಗುತ್ತಿತ್ತು. ಕೆಳಗೆ ಉಚ್ಚೆ ಹರಿದಿತ್ತು.

“ನೋಡು ಬಾ!” ಎಂದು ಅಕ್ಕ ಅಲ್ಲಿಂದಲೇ ಅರಚಿದಳು. “ಬಂದು ನೋಡು ನಿನ್ನ ಪರಾಕ್ರಮಾನ!”

ಕೋವಿಗೆ ಹೆದರುವ ನಾಯಿ ಬೇಟೆಗೆ ಮೂರು ಕಾಸಿನ ಪ್ರಯೋಜನಕ್ಕಿಲ್ಲ. ಇದು ಎಲ್ಲರಿಗೂ ಗೊತ್ತು. ಹೆದರಿಕೆ ಒಂದು ಸಲ ಒಳಗೆ ಹೊಕ್ಕರೆ ಹೊರಗೆ ತರುವುದು ಬಹಳ ಕಷ್ಟ. ಅಕ್ಕ ಹಲ್ಲು ಕಚ್ಚಿಕೊಂಡು ಮೊದಲಿನಿಂದ ಶುರು ಮಾಡಿದಳು. ಮುಚ್ಚಳ, ದೂರ, ಗಂಜಿ. ಮಸಿ ಬಾಲ ಅಲ್ಲಾಡಿಸಿತು. ಹತ್ತಿರ ಬಂದಳು. ಅಲ್ಲಾಡಿಸಿತು. ಒಂದು ಮಧ್ಯಾಹ್ನ ಅಂಗಡಿಯ ಎದುರಿಗೇ ಲಾರಿಯ ಟೈರು ಸಿಡಿದು ಇಡೀ ಬೀದಿ ಬೆಚ್ಚಿಬಿತ್ತು. ಮಸಿ ಒಂದು ಕಿವಿ ಎತ್ತಿತು, ಮಗ್ಗುಲು ಬದಲಿಸಿ ಮಲಗಿತು.

ಇದನ್ನು ಅಕ್ಕ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ತಮ್ಮನಿಗೆ ಹೇಳಲಿಲ್ಲ, ಅವನಿಗೆ ಕೇಳಿಸುವ ಹಾಗೆ ಅಮ್ಮನಿಗೆ ಹೇಳಿದಳು. “ಬೇರೆ ಯಾವ ಸದ್ದಿಗೂ ಹೆದರಲ್ಲ ಅದು. ಕೋವಿಗೆ ಮಾತ್ರ. ಅಷ್ಟು ಚೆನ್ನಾಗಿ ಹಾಳು ಮಾಡಿದಾನೆ ಮಹಾರಾಯ.”

ಅಮ್ಮನದು ಮಾತು ಕಡಿಮೆ. ಈ ಮನೆಯಲ್ಲಿ ಮಾತಿಗೆ ಜಾಗ ಸಿಗುವುದಿಲ್ಲ ಎಂದು ಯಾವತ್ತೋ ಬಿಟ್ಟುಬಿಟ್ಟಿದ್ದಳು. ಅಂದು ಮಾತ್ರ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು.

“ಟೈರು ಸಿಡಿದಾಗ ನೀನು ಯಾರನ್ನೂ ಬೈಲಿಲ್ಲ.”

“ಟೈರನ್ನ ಬೈಯೋಕಾಗುತ್ತಾ?”

“ಅದೇ ನಾನೂ ಹೇಳ್ತಿರೋದು.”

“ಏನು ಹೇಳ್ತಿದೀಯ? ಬಿಡಿಸಿ ಹೇಳು. ತಪ್ಪು ಮಾಡಿದ್ದು ಅವನು, ಬೈಯೋದು ನನ್ನ ತಪ್ಪಾ? ಯಾವತ್ತೂ ಅವನ ಪರ! ಅವನು ಮನೆಗೆ ಬೆಂಕಿ ಇಟ್ರೂ ಚಳಿ ಕಾಯಿಸ್ಕೊಳ್ತೀಯ ನೀನು!”

ಅಮ್ಮ ತಟ್ಟೆ ಎತ್ತಿಕೊಂಡು ಎದ್ದಳು. ಮೇಜಿನ ಕೆಳಗಿದ್ದ ಮಸಿ ಯಾವಾಗಲೋ ತಮ್ಮನ ಕಾಲಿನ ಹಿಂದಕ್ಕೆ ಸರಿದಿತ್ತು. ಅಕ್ಕ ಅದನ್ನು ನೋಡಿದಳು, ಬನ್ನಿನ ಲಂಚ ಎಂದುಕೊಂಡಳು.

ಚಳಿ ಶುರುವಾಗುವ ಮೊದಲು ನಿಜವಾದ ಕೋವಿಯಲ್ಲೇ ಒಂದು ಸಲ ನೋಡಬೇಕಿತ್ತು. ಕೋವಿ ತಮ್ಮನದು, ಹಾಗಾಗಿ ಅವನನ್ನು ಕರೆಯದೆ ಗತಿಯಿರಲಿಲ್ಲ. ಹಳೆಯ ಗೋದಾಮಿನ ಹಿಂದಿನ ಬಯಲಿಗೆ ಹೋದರು. ಏರ್ಪಾಡು ಒಂದು ಮಗುವಿಗೂ ಅರ್ಥವಾಗುವಂಥದ್ದು. ತಮ್ಮ ಆ ತುದಿಯ ಗೋಡೆಯ ಹತ್ತಿರ ನಿಲ್ಲಬೇಕು. ಅಕ್ಕ ಬಾತಿನ ರೆಕ್ಕೆ ಕಟ್ಟಿದ ಕಾಲುಚೀಲ ಎಸೆಯುತ್ತಾಳೆ. ಮಸಿ ಅದನ್ನು ಬಾಯಲ್ಲಿ ಹಿಡಿದ ಮೇಲೆ ಅಕ್ಕ ಕೆಂಪು ಬಟ್ಟೆ ಎತ್ತುತ್ತಾಳೆ. ಬಟ್ಟೆ ಎತ್ತಿದ ಮೇಲೆ ಮಾತ್ರ ಕೋವಿ.

“ಬಟ್ಟೆ ಎತ್ತಿದ ಮೇಲೆ. ಅದಕ್ಕೂ ಮೊದಲು ಕೆಮ್ಮಲೂ ಬೇಡ.”

“ಆಯ್ತಕ್ಕ.”

ಅಕ್ಕ ಎಸೆದಳು. ಮಸಿ ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಓಡಿತು. ಆ ಓಟ ಕಂಡು ಅಕ್ಕನ ಕಣ್ಣು ತುಂಬಿತು, ಅದು ಥೇಟ್ ಅಜ್ಜಿಯ ಓಟ. ಇನ್ನೂ ಅರ್ಧ ದಾರಿ ಇತ್ತು. ಆಗ ಕಲ್ಲಿನ ರಾಶಿಯ ಹಿಂದಿನಿಂದ ಒಂದು ಮೊಲ ಎದ್ದಿತು. ತಮ್ಮ ಮೊಲವನ್ನು ನೋಡಿದ, ಬಟ್ಟೆಯನ್ನು ಮರೆತ. ಢಂ. ಮೊಲಕ್ಕೆ ತಾಗಲೂ ಇಲ್ಲ.

ಮಸಿ ಗಕ್ಕನೆ ನಿಂತು ಕಿವಿ ನಿಮಿರಿಸಿತು. ಸದ್ದು ಬಂದ ಕಡೆಗೆ ಮೂಗೆತ್ತಿ ಗಾಳಿ ಹೀರಿತು.

“ಪಾಪೀ! ನಿನ್ನ ಕಣ್ಣು ಸೇದಿಹೋಗ! ಬಟ್ಟೆ ಎಲ್ಲಿ ಎತ್ತಿದ್ನೋ! ಎಲ್ಲಿ ಎತ್ತಿದೆ ಹೇಳೋ!”

ಬಯಲಿನ ಗೋಡೆಗಳು ಅವಳ ದನಿಯನ್ನು ಇಮ್ಮಡಿ ಮಾಡಿ ವಾಪಸು ಕಳಿಸಿದವು. ಮಸಿ ದಿಕ್ಕೆಟ್ಟು ಓಡಿ ತಂತಿಬೇಲಿಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಎಡಗಿವಿ ಹರಿದು ರಕ್ತ ಸೋರುತ್ತಿತ್ತು. ಅಕ್ಕ ಅದನ್ನು ಎದೆಗೆ ಒತ್ತಿಕೊಂಡು, ತಮ್ಮನಿಗೆ ದಾರಿಯುದ್ದಕ್ಕೂ ಮಂಗಳಾರತಿ ಎತ್ತುತ್ತಾ ಮನೆಗೆ ಬಂದಳು. ತೋಳಿನಲ್ಲಿದ್ದ ಮರಿ ಮನೆ ಮುಟ್ಟುವವರೆಗೂ ನಡುಕ ನಿಲ್ಲಿಸಲಿಲ್ಲ. ಎಷ್ಟು ಹೆದರಿಸಿದ್ದಾನೆ ನೋಡಿ, ಎಂದು ಅವಳ ದನಿ ಇನ್ನಷ್ಟು ಏರಿತು.

ಆಮೇಲೆ ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಬೀದಿಗೆ ಅದು ಗೊತ್ತಾದದ್ದು ಅಂಗಡಿ ಕಡೆ ಸದ್ದು ಕಡಿಮೆಯಾದದ್ದರಿಂದ. ಬೈಯಲೂ ಬಾರದಷ್ಟು ಕೋಪ ಬಂದಿತ್ತು. ಕೋವಿಯನ್ನು ಕಪಾಟಿಗೆ ಹಾಕಿ, ತಾನೇ ಮಾಡಿದ ಬೀಗ ಜಡಿದು, ಕೀಲಿಯನ್ನು ಇಟ್ಟುಕೊಂಡಳು. ಆ ವಾರಗಳಲ್ಲಿ ಮಸಿ ಚೇತರಿಸಿಕೊಂಡಿತು. ನೀರಿಗೆ ಇಳಿಯಿತು, ಈಜಿತು, ಮುಳುಗಿದ ಕಟ್ಟಿಗೆಯನ್ನೂ ಹುಡುಕಿ ತಂದಿತು. ಹಗಲೆಲ್ಲಾ ಯಂತ್ರದ ಕೆಳಗೆ ಮೊದಲಿನ ಹಾಗೇ ಹೊಟ್ಟೆ ಮೇಲೆ ಮಾಡಿ ಮಲಗಿತು. ಕೋವಿ ಕಣ್ಣಿಗೆ ಬೀಳದಿದ್ದರೆ ಎಷ್ಟು ಚೆನ್ನಾಗಿದೆ ನೋಡು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು.

ಬಾತುಗಳು ಇಳಿದವು. ಮೀಸೆ ಹೇಳಿಕಳಿಸಿದ. ಅಕ್ಕ ಕಪಾಟಿನ ಬೀಗ ತೆಗೆದು, ಕೋವಿಯನ್ನು ಮಾತಿಲ್ಲದೆ ತಮ್ಮನ ಮುಂದಿಟ್ಟಳು.

ಕೆರೆಯ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಅಕ್ಕ ಅಪ್ಪನ ದಪ್ಪ ಕೋಟು ಹಾಕಿಕೊಂಡು ಅಪ್ಪನ ಜಾಗದಲ್ಲೇ ನಿಂತಳು. ಮಸಿ ಅವಳ ಎಡಗಾಲಿನ ಪಕ್ಕ ಕೂತಿತ್ತು. ಆಚೆ ಪಕ್ಕ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ತಮ್ಮ ನಿಂತಿದ್ದ. ಮೀಸೆ ಬಂದು ಮರಿಯ ತಲೆ ಸವರಿ, ಹರಿದ ಕಿವಿಯನ್ನು ಬೆರಳಲ್ಲಿ ಮಡಿಸಿ ನೋಡಿದ.

“ಕಟ್ಟಳೆ ಗೊತ್ತಲ್ಲ?”

“ನನಗೆ ಹೇಳ್ತೀರಾ?” ಎಂದಳು ಅಕ್ಕ. ಬೇಟೆಯವರಲ್ಲಿ ಒಬ್ಬಿಬ್ಬರು ನಕ್ಕರು. ಕಂಟ್ರಾಕ್ಟರನ ಕಥೆಯನ್ನು ಅವಳ ಬಾಯಿಂದಲೇ ಕೇಳದವರು ಅಲ್ಲಿ ಯಾರೂ ಇರಲಿಲ್ಲ.

ಮೊದಲ ಗುಂಡು ಹಾರಿದ್ದು ಕೆರೆಯ ಆಚೆ ದಡದಲ್ಲಿ. ಅಕ್ಕ ಮಸಿಯ ಕಡೆ ನೋಡಿದಳು. ಮಸಿ ಕೂತ ಕಡೆ ಕೂತೇ ಇತ್ತು. ಮತ್ತೆ ಎರಡು ಹಾರಿದವು, ಹತ್ತಿರ. ಮಸಿ ಹಕ್ಕಿಗಳ ಹಿಂಡನ್ನು ಕಣ್ಣಲ್ಲೇ ಹಿಂಬಾಲಿಸುತ್ತಾ, ಮೂಗಿನ ಹೊಳ್ಳೆ ಅರಳಿಸುತ್ತಾ, ಸಣ್ಣಗೆ ಕುಯ್ಗುಟ್ಟಿತು. ಅದು ಹೆದರಿಕೆಯದಲ್ಲ, ಬಿಡು ನನ್ನ, ಬಿಡು ನನ್ನ ಎಂಬ ಆತುರದ್ದು. ಅಕ್ಕನಿಗೆ ನಂಬಲಾಗಲಿಲ್ಲ. ಕೋವಿಯ ಭಯವೇ ಇಲ್ಲ! ಇಷ್ಟು ದಿನ ಎಲ್ಲಿತ್ತು ಆ ಭಯ, ಎಲ್ಲಿಗೆ ಹೋಯಿತು?

ಆಗ ತಮ್ಮ ಕೋವಿ ಎತ್ತಿ ಹೊಡೆದ. ಈ ಸಲ ತಪ್ಪಲಿಲ್ಲ. ಒಂದು ಬಾತು ಗಾಳಿಯಲ್ಲಿ ಮಡಚಿಕೊಂಡು ನೀರಿಗೆ ಬಿತ್ತು.

ಮಸಿ ಬಾತನ್ನು ನೋಡಲಿಲ್ಲ, ಕೋವಿಯನ್ನೂ ನೋಡಲಿಲ್ಲ. ಕಿವಿ ಹಿಂದಕ್ಕೆ ಒರಗಿಸಿ, ಕತ್ತು ತಿರುಗಿಸಿ, ಕೆಳಗಿನಿಂದ ಮೇಲಕ್ಕೆ ಅಕ್ಕನ ಮುಖವನ್ನು ನೋಡಿತು. ಮೈ ಸಣ್ಣಗೆ ನಡುಗಲು ಶುರುವಾಗಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುವ ನೋಟ. ಏಟಿಗೆ ಕಾಯುವವರು ಹಾಗೆ ನೋಡುತ್ತಾರೆ. ಆ ನೋಟವನ್ನು ಅಕ್ಕ ಚಿಕ್ಕವಳಿದ್ದಾಗ ಇದೇ ಕೆರೆಯ ದಡದಲ್ಲಿ, ಬೆಲ್ಟಿನವನ ನಾಯಿಯ ಕಣ್ಣಲ್ಲಿ ಕಂಡಿದ್ದಳು.

ಟೈರು ಸಿಡಿದಾಗ ನೀನು ಯಾರನ್ನೂ ಬೈಲಿಲ್ಲ.

ಅಮ್ಮನ ಮಾತು ಈಗ ಬಿಡಿಸಿಕೊಂಡಿತು. ಮರಿಗೆ ಕೋವಿ ಎಂದರೆ ಏನು? ತಮ್ಮನ ಕೋವಿ ಢಂ ಅನ್ನುತ್ತದೆ, ಆಮೇಲೆ ಅಕ್ಕನ ಬಾಯಿ ಸಿಡಿಯುತ್ತದೆ. ಎರಡು ಸಲ ಕೋವಿ, ಎರಡು ಸಲವೂ ಅದರ ತಲೆಯ ಮೇಲೆಯೇ ಆ ಅಬ್ಬರ. ಬೈದದ್ದು ತಮ್ಮನಿಗೆ ಎಂದು ನಾಯಿಗೆ ಯಾರು ಹೇಳಿದರು? ಮುಚ್ಚಳ ಬಡಿದು ಬಡಿದು ಸದ್ದಿಗೆ ಊಟವನ್ನು ಜೋಡಿಸಿದ ಹಾಗೆಯೇ, ಅಷ್ಟೇ ಅಚ್ಚುಕಟ್ಟಾಗಿ, ಕೋವಿಗೆ ತನ್ನನ್ನು ಜೋಡಿಸಿ ಕಲಿಸಿದ್ದಳು.

ಅವಳಿಗೆ ಬಂದ ಕೋಪ ಅಷ್ಟಿಷ್ಟಲ್ಲ. ತಮ್ಮನ ಮೇಲೆ ಬಂತು, ಅವನು ಆ ತೋಟಾಗಳನ್ನು ಒಣಗಿಸದೆ ಇದ್ದಿದ್ದರೆ! ಬಿಡಿಸಿ ಹೇಳದ ಅಮ್ಮನ ಮೇಲೆ ಬಂತು. ಕೋವಿ ಒಬ್ಬರಿಗೆ ನಾಯಿ ಒಬ್ಬರಿಗೆ ಎಂದು ಹಂಚಿಟ್ಟು ಸತ್ತ ಅಪ್ಪನ ಮೇಲೂ ಬಂತು. ಎಲ್ಲರ ಮೇಲೂ ಹೋಗಿ ಕೊನೆಗೆ ಕೂರಲು ಬೇರೆ ಜಾಗವಿಲ್ಲದೆ ತನ್ನ ಮೇಲೆಯೇ ಬಂದು ಕೂತಿತು. ಅವಳು ಕೈ ಚಾಚಿ ನೀರು ತೋರಿಸಿದಳು. “ತಾ” ಎಂದಳು. ಉಸಿರು ಮಾತ್ರ ಹೊರಟಿತು.

ಮಸಿ ನೀರಿಗೆ ಹಾರಿತು. ಅದು ಈಜುವುದನ್ನು ನೋಡಿದ ಬೇಟೆಯವರು ಕೋವಿ ಇಳಿಸಿ ನಿಂತುಬಿಟ್ಟರು. ಜೊಂಡಿನ ಮಧ್ಯೆ ತೂರಿ, ಬಾತನ್ನು ಬೆನ್ನಿನ ಮಧ್ಯಕ್ಕೆ ಹಿಡಿದು, ತಲೆ ಎತ್ತಿಕೊಂಡು ವಾಪಸು ಬಂತು. ದಡ ಹತ್ತಿ, ಹಕ್ಕಿ ಬಿಡದೆಯೇ ಮೈ ಕೊಡವಿತು. ಅಕ್ಕ ಮಂಡಿಯೂರಿ ಎರಡೂ ಕೈ ಚಾಚಿದಳು.

ಮಸಿ ಅವಳ ಮುಖ ನೋಡಿತು. ಆ ಮುಖದಲ್ಲಿ ಆಗ ಏನಿತ್ತೋ, ಕೋಪ ಮಾತ್ರ ಇನ್ನೂ ಆರಿರಲಿಲ್ಲ. ಮಸಿ ಸುತ್ತು ಹಾಕಿತು. ಅಕ್ಕನಿಂದ ಒಂದಿಷ್ಟು ದೂರ ಉಳಿಸಿಕೊಂಡೇ ಸುತ್ತು ಬಳಸಿ ಹೋಗಿ, ತಮ್ಮನ ಮುಂದೆ ಕೂತು, ಹಕ್ಕಿಯನ್ನು ಮೇಲೆತ್ತಿ ಹಿಡಿಯಿತು.

ತಮ್ಮ ಕೋವಿಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಹೋಗು ಮಸಿ. ಅಕ್ಕಂಗೆ ಕೊಡು. ಅಕ್ಕ ಅಲ್ಲಿದಾಳೆ ನೋಡು.”

ಮಸಿ ಕದಲಲಿಲ್ಲ. ಮೀಸೆ ಕೆಮ್ಮಿದ. ಬೇಟೆಯವರು ಅಕ್ಕನ ಕಡೆ ನೋಡುವುದನ್ನು ತಪ್ಪಿಸಿ ನೀರಿನ ಕಡೆ, ಆಕಾಶದ ಕಡೆ ನೋಡಿದರು. ಮೆಣಸಿನಕಾಯಿ ಈಗ ಸಿಡಿಯುತ್ತದೆ ಎಂದು ಎಲ್ಲರೂ ಮೈ ಬಿಗಿ ಹಿಡಿದಿದ್ದರು. ಅವಳಿಗೂ ಅದು ಗಂಟಲಿನವರೆಗೆ ಬಂದಿತ್ತು. ಇದು ನನ್ನ ನಾಯಿ! ನನ್ನ ಅಂಗಿಯೊಳಗೆ ಬೆಳೆದದ್ದು! ಬನ್ನು ತಿನ್ನಿಸಿದವನಿಗೆ ಕಟ್ಟಳೆಯಂತೆ, ಯಾವ ಕಟ್ಟಳೆ, ಯಾವನು ಮಾಡಿದ್ದು? ಇಷ್ಟನ್ನು ಕೂಗಿ ಹೇಳುವ ಹಕ್ಕು ತನಗಿದೆ ಎಂದು ಅವಳಿಗೆ ಈಗಲೂ ಅನ್ನಿಸಿತು.

ಆಗ ಮಸಿಯ ದವಡೆ ಅಲ್ಲಾಡಿದ್ದು ಕಂಡಿತು. ಹಕ್ಕಿ ಭಾರವಾಗಿತ್ತು, ತೆಗೆದುಕೊಳ್ಳುವವರಿರಲಿಲ್ಲ, ಜಾರದಂತೆ ಹಿಡಿಯಲು ಮರಿ ಬಾಯಿ ಬಿಗಿ ಮಾಡುತ್ತಿತ್ತು. ಇನ್ನೊಂದು ಚೂರು ಹೊತ್ತು ಹಾಗೇ ಬಿಟ್ಟರೆ ಹಲ್ಲು ಊರುತ್ತದೆ, ರಕ್ತದ ರುಚಿ ಹತ್ತುತ್ತದೆ. ಮೊದಲ ಹಕ್ಕಿಗೆ ಹಲ್ಲು ಊರಿದ ನಾಯಿ ಜನ್ಮದಲ್ಲಿ ಮತ್ತೆ ಮೆತ್ತಗೆ ಹಿಡಿಯುವುದಿಲ್ಲ. ಕಾಲುಚೀಲ, ಕೀಲಿಗೊಂಚಲು, ಮೊಟ್ಟೆ, ಎಲ್ಲಾ ಮಣ್ಣುಪಾಲು.

“ತಗೋ” ಎಂದಳು ಅಕ್ಕ.

ದನಿ ಅಷ್ಟು ಮೆತ್ತಗಿತ್ತು, ಮಾತಾಡಿದ್ದು ಯಾರು ಎಂದು ಮೀಸೆ ತಿರುಗಿ ನೋಡಿದ.

“ಬೇಡಕ್ಕ. ನಾನ್ ತಗೊಂಡ್ರೆ ಅದು...”

“ಬಾಯಿ ಬಿಗಿತಾ ಇದೆ ಅದರದ್ದು. ತಗೋ. ಕೈ ಕೆಳಗಿಂದ ಕೊಡು. ಎಳೀಬೇಡ. ‘ಬಿಡು’ ಅನ್ನು, ಅದೇ ಬಿಡುತ್ತೆ.”

ತಮ್ಮ ಬಗ್ಗಿ ಕೈಯನ್ನು ಕೆಳಗಿನಿಂದ ಕೊಟ್ಟ. “ಬಿಡು” ಎಂದ. ಮಸಿ ಬಿಟ್ಟಿತು. ಮೀಸೆ ಬಾತನ್ನು ತೆಗೆದುಕೊಂಡು ರೆಕ್ಕೆಯ ಕೆಳಗೆ ಬೆರಳಾಡಿಸಿದ. ಒಂದು ಎಲುಬೂ ಮುರಿದಿರಲಿಲ್ಲ, ಒಂದು ಗರಿಯೂ ಕಿತ್ತಿರಲಿಲ್ಲ.

“ಎಂಥ ಮೆತ್ತನೆ ಬಾಯಿ” ಎಂದ ತನ್ನಷ್ಟಕ್ಕೆ. “ಅಜ್ಜಿಗೂ ಇರ್ಲಿಲ್ಲ ಇಷ್ಟು.”

“ಕಲಿಸಿದ್ದು ಅಕ್ಕ” ಎಂದ ತಮ್ಮ. “ಎಲ್ಲಾ ಅವಳೇ. ನಾನು ಬರೀ ಹಾಳು ಮಾಡ್ದೋನು. ಮೀಸೆ ಮಾವ, ಇದನ್ನ ಲೆಕ್ಕಕ್ಕೆ ಹಿಡೀಬೇಡಿ. ಇನ್ನೊಂದು ಹಕ್ಕಿ ನೋಡೋಣ.”

ಮೀಸೆ ಅಕ್ಕನ ಕಡೆ ನೋಡಿದ. ಅವಳು ಒಂದು ಮಾತು ಆಡಿದರೆ ಅವನು ಒಪ್ಪಿಬಿಡುತ್ತಿದ್ದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಕಂಟ್ರಾಕ್ಟರನೂ ಆವತ್ತು ಅದನ್ನೇ ಕೇಳಿದ್ದ, ಇನ್ನೊಂದು ಹಕ್ಕಿ ನೋಡೋಣ ಎಂದು. ಕಥೆ ಹೇಳುವಾಗ ಅಕ್ಕ ಆ ಮಾತನ್ನು ಅವನದೇ ದನಿಯಲ್ಲಿ ಹೇಳಿ ಜನರನ್ನು ನಗಿಸುತ್ತಿದ್ದಳು.

ಮಂಡಿಗೆ ಮೆತ್ತಿದ ಕೆಸರನ್ನು ಅವಳು ಒರೆಸಿಕೊಳ್ಳಲಿಲ್ಲ. ಎದ್ದು, ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು, ಟೊಳ್ಳು ಕೀಲಿಯನ್ನು ತಮ್ಮನ ಒದ್ದೆ ಕೈಯಲ್ಲಿಟ್ಟಳು.

“ಅಡ್ಡ ಹಿಡಿದು ಊದ್ಬೇಕು. ಜೋರಾಗಿ ಬೇಡ. ಮತ್ತೆ, ಬನ್ನು ಕೊಡೋದಾದ್ರೆ ಕೆಲಸ ಮುಗಿದ ಮೇಲೆ.”

ಈ ಸಲ ಅವನು ‘ಆಯ್ತಕ್ಕ’ ಎನ್ನಲಿಲ್ಲ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತ.

ಅಕ್ಕ ಅಪ್ಪನ ಜಾಗವನ್ನು ಬಿಟ್ಟು ಏರಿಯ ಮೇಲಿನ ಕಾಲುದಾರಿ ಹಿಡಿದಳು. ಹೊಟ್ಟೆಯೊಳಗೆ ಕೋಪ ಹಾಗೇ ಇತ್ತು, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ಇಳಿಸಬೇಕು ಎಂದು ತಿಳಿಯದೆ ಹೊತ್ತುಕೊಂಡು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಒದ್ದೆ ಕಾಲುಗಳ ಸದ್ದು ಕೇಳಿಸಿತು, ಎಲೆಗಳ ಮೇಲೆ ಚಪ್ ಚಪ್ ಎಂದು. ತಮ್ಮ ಸೀಟಿ ಊದಿ ವಾಪಸು ಕರೆಯಲಿಲ್ಲ. ಅವಳು ನಿಂತಳು. ಹಿಂದಿನ ಸದ್ದೂ ನಿಂತಿತು, ಅಷ್ಟೇ ದೂರದಲ್ಲಿ. ನಡೆದಳು, ಅದೂ ನಡೆಯಿತು. ಹತ್ತಿರ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ.

ಅಕ್ಕ ತಿರುಗಿ ನೋಡಲಿಲ್ಲ. ತನ್ನ ಮುಖದ ಮೇಲೆ ಈಗ ಏನಿದೆ ಎನ್ನುವುದು ಅವ‍ಳಿಗೇ ಗೊತ್ತಿರಲಿಲ್ಲ.